ಶನಿವಾರ ಆರು ಗಂಟೆಯ ಸರದಿ

ತಾರ್ಮೊ ಪುಕ್ಕಿಲ ತನ್ನ ಶನಿವಾರದ ಸೌನಾ ಸರದಿಯನ್ನು ಬಿಟ್ಟುಕೊಟ್ಟ ಸುದ್ದಿ ನನಗೆ ತಿಳಿದದ್ದು ಕೆಳಗಿನ ನೋಟಿಸ್ ಬೋರ್ಡಿನಿಂದ. ಮೂರೇ ಸಾಲಿನ ಚೀಟಿ. ಹನ್ನೆರಡನೇ ಮನೆಯವರು ಶನಿವಾರ ಸಂಜೆ ಆರರ ಸರದಿಯನ್ನು ಬಿಡುತ್ತಿದ್ದಾರೆ, ಕಾಯುವವರ ಪಟ್ಟಿಯಲ್ಲಿ ಮುಂದಿರುವವರಿಗೆ ಅದು ಸಲ್ಲುತ್ತದೆ. ಕಾರಣ ಬರೆದಿರಲಿಲ್ಲ. ಪಟ್ಟಿಯಲ್ಲಿ ಮುಂದಿದ್ದವಳು ನಾನು.

ಹನ್ನೊಂದು ವರ್ಷ ಕಾದಿದ್ದೆ. ನಮ್ಮ ಕಟ್ಟಡದಲ್ಲಿ ನಲವತ್ತು ಮನೆ, ನೆಲಮಾಳಿಗೆಯಲ್ಲಿ ಒಂದೇ ಸೌನಾ, ಅಂದರೆ ಬಿಸಿ ಆವಿಯಲ್ಲಿ ಕೂತು ಬೆವರುವ ಕೋಣೆ, ಮನೆಗೆ ವಾರಕ್ಕೊಂದು ಗಂಟೆ. ನನ್ನ ಪಾಲಿಗೆ ಬಂದಿದ್ದು ಬುಧವಾರ ಮಧ್ಯಾಹ್ನ ಮೂರು. ಆಗಿನ್ನೂ ಒಲೆಯ ಕಲ್ಲುಗಳಿಗೆ ಬಿಸಿ ಹತ್ತಿರುವುದಿಲ್ಲ, ನೀರು ಎರೆದರೆ ಮುನಿಸಿಕೊಂಡವರ ಹಾಗೆ ಸುಮ್ಮನಿರುತ್ತವೆ. ಶನಿವಾರ ಆರು ಎಂದರೆ ಅದರ ಗತ್ತೇ ಬೇರೆ. ಕಲ್ಲು ಒಳತನಕ ಕಾದಿರುತ್ತದೆ, ಬೆವರಿ ಮಿಂದು ಮನೆಗೆ ಹೋಗಿ ಸಾಸೇಜು ತಿಂದು ಟಿವಿಯಲ್ಲಿ ಲಾಟರಿ ನೋಡಲು ಸರಿಯಾಗುತ್ತದೆ. ಇಂಥ ಸರದಿಯನ್ನು ಜನ ಸತ್ತಾಗ ಮಾತ್ರ ಬಿಡುತ್ತಾರೆ. ಗಂಡ ಹೆಂಡತಿ ಬೇರೆಯಾದಾಗಲೂ ಬಿಡುವುದಿಲ್ಲ, ಅದು ಯಾರಿಗೆ ಸೇರಬೇಕು ಎಂದು ಜಗಳವಾಡುತ್ತಾರೆ.

ಚೀಟಿ ಓದುತ್ತಿದ್ದಾಗ ಎರಡನೇ ಮಹಡಿಯ ಉಂತೊ ಪಕ್ಕಕ್ಕೆ ಬಂದು ನಿಂತ.

"ಹೆಂಡ್ತಿ ಬಿಟ್ಟು ಹೋಗಿರ್ಬೇಕು," ಅಂದ.

"ಹೆಲ್ವಿ ಬೆಳಗ್ಗೆ ಅವನ ಶರ್ಟು ಒಣಗ್ಹಾಕ್ತಾ ಇದ್ಳು. ಬಿಟ್ಟೋದೋಳು ಶರ್ಟು ಒಗೀತಾಳೇನೋ?"

"ಹಾಗಾದ್ರೆ ಮನೆ ಮಾರ್ತಾನೆ."

"ಅಷ್ಟು ಕುತೂಹಲ ಇದ್ರೆ ಹೋಗಿ ಕೇಳು."

"ನಾನ್ಯಾಕೆ ಕೇಳ್ಲಿ? ಅದು ಅವನ ವಿಷಯ," ಎಂದು ಉಂತೊ ಹೊರಟೇಹೋದ.

ನಾನೂ ಕೇಳಲಿಲ್ಲ. ಈ ಕುವೋಪಿಯೊ ಊರಿನಲ್ಲಿ ಮರ್ಯಾದಸ್ಥರು ಎಂದರೆ ಕೇಳದೆ ಇರುವವರು. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸದ್ದಾದರೆ ಅದು ಇಳಿದು ಹೋಗುವವರೆಗೆ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುವ ಜನ ನಾವು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಎಲ್ಲರೂ ಹೇಳುತ್ತಾರೆ, ನಾವು ಮಾತ್ರ ಅದನ್ನು ನಿಜವೆಂದು ನಂಬಿ ಬಂಗಾರವನ್ನು ಮನೆ ತುಂಬ ಪೇರಿಸಿಟ್ಟುಕೊಂಡಿದ್ದೇವೆ.

ತಾರ್ಮೊ ಯಾರು ಎಂದು ಹೇಳಬೇಕು. ಅರವತ್ತೊಂದು ವರ್ಷ, ಡ್ರೈವಿಂಗ್ ಶಾಲೆಯ ಮೇಷ್ಟ್ರು. ಮೂವತ್ತು ವರ್ಷದಿಂದ ಕಲಿಯುವವರ ಪಕ್ಕದ ಸೀಟಿನಲ್ಲಿ ಕುಳಿತು ಹದಿನೇಳರ ಹುಡುಗ ಹುಡುಗಿಯರು ಹಿಮದ ರಸ್ತೆಯಲ್ಲಿ ಲಾರಿಯ ಕಡೆಗೆ ಜಾರುವುದನ್ನು ನೋಡಿದ್ದಾನೆ. ತನ್ನ ಕಾಲಡಿಯ ಎರಡನೇ ಬ್ರೇಕನ್ನು ಮೆಲ್ಲಗೆ ಒತ್ತಿ, "ಇನ್ನೊಂದ್ಸಲ ಮಾಡೋಣ" ಎನ್ನುವವನು. ಅವನು ದನಿ ಏರಿಸಿದ್ದನ್ನು ಕೇಳಿದವರಿಲ್ಲ. ನಾನು ಹಾಗಲ್ಲ. ನಾನು ಕೆರ್ತು, ಎಪ್ಪತ್ನಾಲ್ಕು, ಇದೇ ಕಟ್ಟಡವನ್ನು ಇಪ್ಪತ್ತಾರು ವರ್ಷ ನೋಡಿಕೊಂಡವಳು, ಹಿಮ ಎತ್ತಿ, ಬಲ್ಬು ಹಾಕಿ, ಕಟ್ಟಿಕೊಂಡ ಪೈಪು ಬಿಡಿಸಿ. ನನ್ನ ಬಾಯಿ ಕೆಟ್ಟದ್ದು ಎಂದು ನನಗೂ ಗೊತ್ತು.

ಎರಡು ವರ್ಷದ ಹಿಂದೆ ಕಟ್ಟಡದ ಪೈಪು ಬದಲಾಯಿಸುವ ಕಾಲ ಬಂತು. ಐವತ್ತು ವರ್ಷವಾದ ಯಾವ ಕಟ್ಟಡಕ್ಕೂ ಅದು ತಪ್ಪಿದ್ದಲ್ಲ. ಗೋಡೆ ಒಡೆಯುತ್ತಾರೆ, ಬಚ್ಚಲು ಕೀಳುತ್ತಾರೆ, ಅಂಗಳದಲ್ಲಿ ಪ್ಲಾಸ್ಟಿಕ್ ಕಕ್ಕಸುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ, ಸೊನ್ನೆಗಿಂತ ಇಪ್ಪತ್ತು ಕೆಳಗಿನ ಚಳಿಯಲ್ಲಿ ನೀವು ಕೋಟು ತೊಟ್ಟು ಅಲ್ಲಿಗೆ ಹೋಗಬೇಕು. ಈ ಊರಿನಲ್ಲಿ ಅಕ್ಕಪಕ್ಕದವರು ಶಾಶ್ವತವಾಗಿ ಮಾತು ಬಿಡುವುದು ಪೈಪಿನ ಕಾಲದಲ್ಲೇ. ನಿವಾಸಿಗಳ ಮಂಡಳಿಗೆ ಅಧ್ಯಕ್ಷನಾಗಲು ಯಾರೂ ಒಪ್ಪಲಿಲ್ಲ. ತಾರ್ಮೊ ಕಾಫಿ ಪಾತ್ರೆ ತುಂಬಿಸಲು ಎದ್ದು ಹೋದ, ವಾಪಸು ಬರುವಷ್ಟರಲ್ಲಿ ಅವನನ್ನು ಆರಿಸಿಬಿಟ್ಟಿದ್ದರು.

ಒಂದೂವರೆ ವರ್ಷ ಎಲ್ಲರೂ ಅವನನ್ನು ಹುರಿದು ಮುಕ್ಕಿದರು. ಧೂಳಿಗೆ ಅವನೇ ಕಾರಣ, ಚಳಿಗೂ ಅವನೇ ಕಾರಣ. ನನ್ನ ಬಚ್ಚಲಿಗೆ ಬಿಳಿ ಟೈಲ್ಸು ಹೇಳಿದ್ದರೆ ಬೂದು ಟೈಲ್ಸು ಬಂದಿತ್ತು, ಹದಿನಾಲ್ಕು ಸಲ ಫೋನು ಮಾಡಿದೆ. ಅಷ್ಟಕ್ಕೂ ಸಾಲದೆ ಮಹಾಸಭೆಯಲ್ಲಿ ಎದ್ದು ನಿಂತು, "ನಲವತ್ತು ಮನೇನ ನಿನ್ನ ಕೈಗೆ ಕೊಟ್ಟಿದ್ದಕ್ಕಿಂತ ಬೆಂಕಿ ಹಚ್ಚಿದ್ರೆ ಕಮ್ಮಿ ಹಾಳಾಗ್ತಿತ್ತು" ಅಂದೆ. ನಾಲ್ಕು ಜನ ಚಪ್ಪಾಳೆ ತಟ್ಟಿದರು. ತಾರ್ಮೊ ಬರೆದುಕೊಂಡ. ಬೈಗುಳವನ್ನೂ ಬರೆದುಕೊಳ್ಳುವ ಮನುಷ್ಯನ ಮೇಲೆ ನನಗೆ ಇನ್ನಷ್ಟು ಸಿಟ್ಟು ಬಂತು.

ಆಗಸ್ಟಿನಲ್ಲಿ ಕೆಲಸ ಮುಗಿಯಿತು. ಸೆಪ್ಟೆಂಬರಿನಲ್ಲಿ ಕೇಕು ತರಿಸಿ, ಅವನ ಕೈಗೊಂದು ಹೂಗುಚ್ಛ ಕೊಟ್ಟು ಎಲ್ಲರೂ ಮನೆಗೆ ಹೋದೆವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅಕ್ಟೋಬರಿನ ಕೊನೆಗೆ ಆ ಚೀಟಿ ಬಂತು.

ಮೊದಲ ಶನಿವಾರ ಟವೆಲು ಹೆಗಲಿಗೆ ಹಾಕಿಕೊಂಡು ರಾಣಿಯ ಹಾಗೆ ಇಳಿದು ಹೋದೆ. ಮೇಲಿನ ಹಲಗೆಯ ಮೇಲೆ ಕೂತು ಸೌಟಿನಲ್ಲಿ ನೀರೆರೆದರೆ ಆವಿ ಬಂದು ಬೆನ್ನು ಕಚ್ಚಿತು. ಆಹಾ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಪಕ್ಕದ ಗೋಡೆಯ ಮೊಳೆಗೆ ಹೆಲ್ವಿಯ ಕೂದಲಿನ ಬ್ರಷ್ಷು ಹಾಗೇ ನೇತಾಡುತ್ತಿತ್ತು, ಅದನ್ನು ನೋಡಿದಾಗಲೆಲ್ಲ ಬೇರೆಯವರ ಮಂಚದಲ್ಲಿ ಮಲಗಿದಂತಾಗುತ್ತಿತ್ತು. ಮೂರು ಶನಿವಾರ ಹೀಗೇ ಹೋಯಿತು. ನಾಲ್ಕನೆಯ ಶನಿವಾರ ಬೆವರಾರಿಸಿಕೊಳ್ಳಲು ಹಿಂಬಾಗಿಲಿನಿಂದ ಅಂಗಳಕ್ಕೆ ಬಂದಾಗ, ಕಸದ ತೊಟ್ಟಿಯ ಪಕ್ಕದಲ್ಲಿ ತಾರ್ಮೊ ನಿಂತಿದ್ದ. ಎರಡು ಬೆರಳನ್ನು ಕತ್ತಿನ ಪಕ್ಕಕ್ಕೆ ಒತ್ತಿಕೊಂಡಿದ್ದ, ತುಟಿ ಅಲ್ಲಾಡುತ್ತಿತ್ತು.

ಮರ್ಯಾದೆ ಅಂದರೆ ಒಳಗೆ ಹೋಗುವುದು. ಆದರೆ ಬಿಸಿಯಿಂದ ಬಂದ ಮೈಗೆ ನಾಲಗೆಯೂ ಸಡಿಲವಾಗಿರುತ್ತದೆ.

"ಏನಯ್ಯಾ, ಕತ್ತು ಹಿಡ್ಕೊಂಡು ನಿಂತಿದ್ದೀಯ?"

"ಎಣಿಸ್ತಾ ಇದ್ದೀನಿ."

"ಏನನ್ನ?"

"ಎದೆ ಬಡಿತಾನ. ನೂರಾ ಎರಡು. ಒಂದು ಕಸದ ಚೀಲ ತಗೊಂಡು ಮೆಟ್ಟಿಲು ಇಳಿದಿದ್ದಕ್ಕೆ ನೂರಾ ಎರಡು, ಕೆರ್ತು."

ಅಷ್ಟು ಹೇಳಿದವನು ನಿಲ್ಲಿಸಲಿಲ್ಲ. ಬಹುಶಃ ಯಾರಾದರೂ ಕೇಳಲಿ ಎಂದೇ ಕಾದಿದ್ದನೇನೋ. ಕೇಕು ತಿಂದ ಎಂಟನೇ ದಿನ, ಹಗಲು ಹನ್ನೊಂದು ಗಂಟೆಗೆ, ಅಂಗಡಿಯಲ್ಲಿ ಚೀಸಿನ ಮುಂದೆ ನಿಂತಿದ್ದನಂತೆ. ಬೆರಳ ತುದಿ ಜುಮ್ಮೆಂದಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು, ಎಳೆದ ಉಸಿರು ಅರ್ಧಕ್ಕೇ ನಿಂತಿತು, ಎದೆ ಡವಡವ ಹೊಡೆದುಕೊಂಡಿತು, ಚೀಸಿನ ಡಬ್ಬಗಳು ದೂರ ದೂರ ಸರಿದವು. ಅವನ ಅಪ್ಪ ಅರವತ್ತನೇ ವಯಸ್ಸಿನಲ್ಲಿ ಸೌದೆ ಸೀಳುತ್ತ ಎದೆ ಹಿಡಿದುಕೊಂಡು ಹೋದವರು. ತನ್ನ ಸರದಿಯೂ ಬಂತು ಅಂದುಕೊಂಡ. ಆಂಬುಲೆನ್ಸು ಬಂತು, ಎದೆಗೆ ತಂತಿ ಅಂಟಿಸಿದರು, ರಕ್ತ ತೆಗೆದರು, ಏನೂ ಇಲ್ಲ ಎಂದು ಕಳಿಸಿದರು. ಎರಡು ವಾರದಲ್ಲಿ ಮತ್ತೆ ಬಂತು, ಈ ಸಲ ಬಸ್ಸಿನಲ್ಲಿ. ಮತ್ತೊಮ್ಮೆ ಪಾಠದ ಕಾರಿನಲ್ಲಿ, ಪಕ್ಕದಲ್ಲಿ ಹುಡುಗಿ ಗೇರು ಹುಡುಕುತ್ತಿದ್ದಾಗ.

"ಡಾಕ್ಟರು ಏನಂದ್ರು?"

"ಎದೆ ಗಟ್ಟಿಯಾಗಿದೆ ಅಂದ್ರು. ತುಂಬ ದಿನ ಒತ್ತಡದಲ್ಲಿದ್ರೆ ಆಮೇಲೆ ಮೈ ಹೀಗೆ ಮಾಡುತ್ತಂತೆ, ಆತಂಕ ಅಂತೆ."

"ಮತ್ತೆ ಖುಷಿ ಪಡೋದು ಬಿಟ್ಟು?"

"ಹೇಗೆ ಪಡ್ಲಿ? ಎದೆ ಚೆನ್ನಾಗಿದ್ರೆ ಒಳಗೆ ಹಾಗೆ ಬಡೀತಾ ಇರೋದು ಯಾರು?" ಅವನು ನನ್ನ ಮುಖ ನೋಡಿದ, ನನಗೆ ಗೊತ್ತಿದ್ದು ಹೇಳದೆ ಇದ್ದೇನೆ ಎನ್ನುವಂತೆ. "ನನಗೆ ತಲೆಬುಡ ಅರ್ಥ ಆಗ್ತಿಲ್ಲ, ಕೆರ್ತು. ಮೂರನೇ ಮಹಡಿ ಪೂರ್ತಿ ನೀರು ನುಗ್ಗಿದ ದಿನ ನನ್ನ ಕೈ ನಡುಗ್ಲಿಲ್ಲ. ನೀನು ಸಭೇಲಿ ಹಾಗಂದ ದಿನ ಮನೆಗೆ ಹೋಗಿ ಎರಡು ತಟ್ಟೆ ಊಟ ಮಾಡಿ ಮಲಗ್ದೆ. ಈಗ ಯಾರೂ ಬೈತಿಲ್ಲ, ಪೈಪು ಸರಿಯಾಗಿದೆ, ಚೀಸು ತಗೊಳ್ಳೋಕೆ ನಿಂತ್ರೆ ಸಾಯ್ತೀನಿ ಅನ್ಸುತ್ತೆ. ಇದ್ಯಾವ ನ್ಯಾಯ?"

ನನಗೆ ಗೊತ್ತಿರುವುದು ಒಂದೇ ವಿದ್ಯೆ, ಅದನ್ನೇ ಹೇಳಿದೆ. "ಹೊಸ ಪೈಪಿಗೆ ನೀರು ಬಿಟ್ಟ ಮೇಲೆ ಆರು ವಾರ ಗೋಡೆ ಒಳಗೆ ಡಣ್ ಡಣ್ ಅನ್ನುತ್ತೆ ನೋಡು. ಪೈಪು ಚೆನ್ನಾಗೇ ಇರುತ್ತೆ. ಒಳಗೆ ಸಿಕ್ಕೊಂಡಿರೋ ಗಾಳಿ ಅದು."

"ನಾನು ಪೈಪಲ್ಲ," ಅಂದ ತಾರ್ಮೊ. ಹೇಳಿ, ಚಪ್ಪಲಿ ಎಳೆದುಕೊಂಡು ಒಳಗೆ ಹೋದ.

ಸೌನಾ ಯಾಕೆ ಬಿಟ್ಟ ಎಂದು ಆಗ ಕೇಳಲೇಬೇಕಾಗಿರಲಿಲ್ಲ. ಸೌನಾದಲ್ಲಿ ಎದೆ ಓಡುತ್ತದೆ, ಮೈ ಬೆವರುತ್ತದೆ, ಉಸಿರು ಬಿಗಿಯಾಗುತ್ತದೆ. ನಾವು ಹುಟ್ಟಿದಾಗಿನಿಂದ ಅದನ್ನು ಸುಖ ಎಂದು ಕರೆದಿದ್ದೇವೆ. ಅವನ ಮೈಗೆ ಈಗ ಆ ಸುಖಕ್ಕೂ ಸಾವಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಮಾರನೇ ವಾರ ಹೆಲ್ವಿ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು ನಿಲ್ಲಿಸಿದಳು. ನಲವತ್ತು ವರ್ಷದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ನಿನ್ನ ಹತ್ರ ಮಾತಾಡಿದ್ನಂತೆ. ನನ್ನ ಹತ್ರ ಬರೀ ನಂಬರ್ ಹೇಳ್ತಾನೆ. ತೊಂಬತ್ತೆರಡು, ನೂರಾ ನಾಲ್ಕು. ಶಾಲೆಗೆ ಹೋಗಲ್ಲ. ಬಸ್ಸು ಹತ್ತಲ್ಲ, ಲಿಫ್ಟು ಬೇಡ, ಕಾಫಿ ಬೇಡ. ಒಂದೊಂದೇ ಬಾಗಿಲು ಹಾಕ್ಕೊಂಡು ಬರ್ತಾ ಇದ್ದಾನೆ. ಇನ್ನು ಉಳಿದಿರೋದು ಅಡುಗೆಮನೆ ಕುರ್ಚಿ ಒಂದೇ. ಅದರಲ್ಲೇ ಕೂತುಬಿಟ್ರೆ ಮತ್ತೆ ಎಬ್ಬಿಸೋಕೆ ನನ್ನ ಕೈಲಾಗಲ್ಲ."

"ಡಾಕ್ಟರಿಗೆ ಹೇಳಿದ್ಯಾ?"

"ಹೇಳ್ದೆ. ಓಡಿ ಹೋದಷ್ಟೂ ಅದು ಬೆಳೆಯುತ್ತೆ ಅಂತಾರೆ. ಎದೆ ಜೋರಾಗಿ ಬಡಿಯೋ ಕಡೆಗೇ ಹೋಗಿ ಕೂತ್ಕೊಬೇಕಂತೆ, ತಾನಾಗೇ ಇಳಿಯೋ ತನಕ. ಸೌನಾಗೇ ಹೋಗಿ ಅಂದ್ರು. ಬಾಗಿಲ ತನಕ ಹೋಗಿ ವಾಪಸ್ ಬಂದ."

ಆ ದಿನ ನನಗೆ ಊಟ ಸೇರಲಿಲ್ಲ. ಇಷ್ಟಕ್ಕೆಲ್ಲ ನಾನು ಕಾರಣವೇ? ಹದಿನಾಲ್ಕು ಫೋನಿಗೆ ಒಬ್ಬ ಮನುಷ್ಯ ಹೀಗಾಗುತ್ತಾನೆಯೇ? ಹಾಗಿದ್ದರೆ ಆಗಲೇ ಆಗಬೇಕಿತ್ತು, ಈಗೇಕೆ? ಕಾರಣ ನಾನಲ್ಲ ಎಂದರೆ ಸಮಾಧಾನವಾಗಬೇಕು, ಅದೂ ಆಗಲಿಲ್ಲ. ಸಿಟ್ಟು ಮಾತ್ರ ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಬಚ್ಚಲಿನ ಬೂದು ಟೈಲ್ಸಿಗೆ ಒಮ್ಮೆ ಒದ್ದೆ. ಕಾಲು ನೋವಾಯಿತು.

ಡಿಸೆಂಬರಿನ ಮೊದಲ ಶುಕ್ರವಾರ ಮಧ್ಯಾಹ್ನ ನನ್ನ ಮನೆಯ ಕರೆಗಂಟೆ ಹೊಡೆದುಕೊಂಡಿತು. ಹೇಳದೆ ಕೇಳದೆ ಗಂಟೆ ಬಾರಿಸುವವರು ನಮ್ಮಲ್ಲಿಲ್ಲ. ಬಾಗಿಲ ಹಿಂದೆ ಸದ್ದಿಲ್ಲದೆ ನಿಂತೆ.

"ಕೆರ್ತು, ಅಲ್ಲೇ ಇದ್ದೀಯ ಅಂತ ಗೊತ್ತು. ನಿನ್ನ ಉಸಿರು ಇಲ್ಲಿ ತನಕ ಕೇಳ್ಸುತ್ತೆ."

ತೆರೆದೆ. ತಾರ್ಮೊ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ.

"ನಾಳೆ ನಿನ್ನ ಗಂಟೇಲಿ ಅರ್ಧ ನನಗೆ ಕೊಡ್ತೀಯಾ? ನೀನು ಹೊರಗಿನ ಕೋಣೇಲಿ ಕೂತಿರ್ಬೇಕು, ಬಟ್ಟೆ ಬದಲಾಯಿಸೋ ಬೆಂಚಿನ ಮೇಲೆ. ಅಷ್ಟೇ."

"ಹೆಂಡ್ತಿ ಇಲ್ವಾ ನಿನಗೆ?"

"ಹೆಲ್ವಿ ಬಾಗಿಲ ಹತ್ರ ಫೋನ್ ಹಿಡ್ಕೊಂಡು ನಿಲ್ತಾಳೆ. ಅವಳ ಮುಖ ನೋಡಿದ್ರೆ ನಾನು ಆಗ್ಲೇ ಸತ್ತೋಗಿದ್ದೀನಿ ಅನ್ಸುತ್ತೆ. ನೀನು ಯಾವಾಗ್ಲೂ ನನ್ನ ಮೇಲೆ ಸಿಟ್ಟಾಗೇ ಇರ್ತೀಯ. ನನಗೆ ಅದೇ ಬೇಕು."

ಇಂಥ ಆಮಂತ್ರಣಕ್ಕೆ ಏನು ಹೇಳುವುದು? "ಆರು ಅಂದ್ರೆ ಆರು. ಎರಡು ನಿಮಿಷಕ್ಕೊಂದ್ಸಲ ಕೂಗ್ತೀನಿ, ಓ ಅನ್ಬೇಕು. ಅನ್ಲಿಲ್ಲ ಅಂದ್ರೆ ಒಳಗೆ ನುಗ್ತೀನಿ, ನೀನು ಹೇಗಾದ್ರೂ ಇರು," ಅಂದೆ.

ಶನಿವಾರ ಅವನು ಸೊಂಟಕ್ಕೆ ಟವೆಲು ಸುತ್ತಿಕೊಂಡು, ಹಲ್ಲು ಕೀಳಿಸಿಕೊಳ್ಳಲು ಹೋಗುವವನಂತೆ ಒಳಗೆ ಹೋದ. ಕೆಳಗಿನ ಹಲಗೆ ಕಿರ್ ಎಂದಿತು. ನಾನು ಉಣ್ಣೆಯ ಸ್ವೆಟರು, ಉಣ್ಣೆಯ ಕಾಲುಚೀಲ ತೊಟ್ಟು ಬೆಂಚಿನ ಮೇಲೆ ಹೆಣೆಯುತ್ತ ಕೂತೆ.

"ತಾರ್ಮೊ!"

"ಓ. ಶುರುವಾಯ್ತು. ನೂರಾ ಹದಿನೆಂಟು. ಬೆರಳು ಜುಮ್ ಅಂತಿದೆ. ಇದು ಬಿಸಿಗೋ, ಅದಕ್ಕೋ?"

"ನನಗೇನು ಗೊತ್ತು? ಕೂತ್ಕೊ."

"ಬರ್ಲಾ ಹೊರಗೆ?"

"ಬಂದ್ರೆ ನನ್ನ ಹನ್ನೊಂದು ವರ್ಷದ ಸರದಿ ದಂಡ. ಕೂತ್ಕೊಳ್ಳೋ ಸುಮ್ನೆ."

ಮತ್ತೆ ಎರಡು ನಿಮಿಷ. ನೂರಾ ಇಪ್ಪತ್ತಾರು. ದನಿ ತೆಳ್ಳಗಾಗಿತ್ತು. ಅವನ ಮಾತನ್ನು ಬೇರೆ ಕಡೆ ತಿರುಗಿಸಬೇಕೆಂದು, ಸರದಿ ಬಿಟ್ಟಾಗ ಕಾರಣ ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

"ಬರೆದು ಏನ್ಮಾಡ್ಲಿ?" ಬಾಗಿಲ ಆಚೆಯಿಂದ ಬಂತು. "ನೀವೆಲ್ಲ ಇನ್ನೂ ಸಿಟ್ಟಲ್ಲಿದ್ದೀರ ಅಂದ್ಕೊಂಡೆ. ಅಂಗಡಿ ಮುಂದೆ ಆಂಬುಲೆನ್ಸಲ್ಲಿ ಹಾಕ್ಕೊಂಡು ಹೋಗೋದನ್ನ ಉಂತೊ ನೋಡಿದ. ಮೆಟ್ಟಿಲ ಮೇಲೆ ಸಿಕ್ಕಾಗ ಕೇಳ್ಲೇ ಇಲ್ಲ. ಒಬ್ಬರೂ ಕೇಳ್ಲಿಲ್ಲ. ಅಷ್ಟು ದ್ವೇಷನಾ ಅನ್ನಿಸ್ತು."

ನನ್ನ ಸೂಜಿ ನಿಂತಿತು. ನೋಟಿಸ್ ಬೋರ್ಡಿನ ಮುಂದೆ ಉಂತೊ ಆಂಬುಲೆನ್ಸಿನ ಸುದ್ದಿಯನ್ನು ನನಗೂ ಹೇಳಿರಲಿಲ್ಲ. ನಾವು ಅವನಿಗೆ ಕೊಟ್ಟ ಮರ್ಯಾದೆ ಅವನ ಮನೆಯೊಳಗೆ ಹೋಗುವಾಗ ದ್ವೇಷವಾಗಿ ಹೋಗಿತ್ತು. ಎರಡು ತಿಂಗಳು ಆ ಮನುಷ್ಯ ನಮ್ಮೆಲ್ಲರ ಮೌನವನ್ನು ತನ್ನ ಮೇಲಿನ ತೀರ್ಪು ಎಂದು ಓದುತ್ತ ಕೂತಿದ್ದ.

"ತಾರ್ಮೊ, ಕೇಳು. ಬೇಜಾರಾಗುತ್ತೆ ಅಂತ ಕೇಳ್ಲಿಲ್ಲ ಕಣೋ. ಯಾರಿಗೂ ದ್ವೇಷ ಇಲ್ಲ. ಆಮೇಲೆ, ಸಭೇಲಿ ನಾನಂದಿದ್ದು. ಬೆಂಕಿ ಹಚ್ಚೋ ಮಾತು. ಅದನ್ನ ಅನ್ಬಾರದಿತ್ತು. ತಪ್ಪಾಯ್ತು."

ಎಪ್ಪತ್ನಾಲ್ಕು ವರ್ಷದಲ್ಲಿ ಆ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೆಂದು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದು. ಉತ್ತರಕ್ಕೆ ಕಾದೆ. ಒಲೆಯ ಕಲ್ಲು ಚಟಪಟ ಎನ್ನುತ್ತಿತ್ತು, ಅಷ್ಟೇ.

"ತಾರ್ಮೊ?"

ಏನೂ ಇಲ್ಲ.

"ತಾರ್ಮೊ, ಓ ಅನ್ನೋ."

ಇಲ್ಲ. ಆಗ ನನ್ನ ಕೈಬೆರಳು ಜುಮ್ಮೆಂದಿತು. ಹೆಣಿಗೆ ನೆಲಕ್ಕೆ ಬಿತ್ತು. ಸತ್ತ, ನಾನೇ ಕಳಿಸಿ ಕೂರಿಸಿ ಕೊಂದೆ, ತಪ್ಪಾಯ್ತು ಅನ್ನುವುದನ್ನು ಕೇಳದೆಯೇ ಸತ್ತ. ಎದ್ದೆ. ಬಾಗಿಲ ಹಿಡಿ ಎರಡು ಹೆಜ್ಜೆ ದೂರದಲ್ಲಿತ್ತು, ಅದು ಹಿಂದೆ ಹಿಂದೆ ಸರಿಯಿತು. ಎಳೆದ ಉಸಿರು ಅರ್ಧಕ್ಕೇ ನಿಂತಿತು, ಎದೆಯೊಳಗೆ ಯಾರೋ ಮುಷ್ಟಿಯಿಂದ ಗುದ್ದುತ್ತಿದ್ದರು. ಹೇಗೋ ಬಾಗಿಲು ಎಳೆದೆ.

ತಾರ್ಮೊ ಕೆಳಗಿನ ಹಲಗೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಎರಡೂ ಕೈ ತೊಡೆಯ ಮೇಲೆ ಬಿಚ್ಚಿಕೊಂಡಿದ್ದವು, ಕತ್ತಿನ ಮೇಲೆ ಒಂದು ಬೆರಳೂ ಇರಲಿಲ್ಲ. ಮುಖ ಕೆಂಪಾಗಿತ್ತು, ಕೆನ್ನೆಯ ಮೇಲೆ ಇಳಿಯುತ್ತಿದ್ದುದೆಲ್ಲ ಬೆವರೇ ಆಗಿರಲಿಲ್ಲ.

"ಬದುಕಿದ್ದೀಯೇನೋ?"

"ಶ್," ಅಂದ. "ಎಣಿಸೋದು ಬಿಟ್ಟೆ. ಅದರ ಪಾಡಿಗೆ ಅದು ಬಡೀಲಿ ಅಂತ ನೋಡ್ತಾ ಕೂತೆ. ಇಳೀತಾ ಇದೆ, ಕೆರ್ತು. ನಾನೇನೂ ಮಾಡ್ಲಿಲ್ಲ, ತಾನೇ ಇಳೀತಾ ಇದೆ."

ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದ. ಅವನು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದ.

"ಅಬ್ಬ, ನಿನ್ನದು ನನ್ನದಕ್ಕಿಂತ ಜೋರಾಗಿದೆ."

"ಹೊರಗೆ ಹೋಗ್ಬೇಕು," ಎಂದೆ. ನನ್ನ ದನಿ ಎಲ್ಲಿಂದಲೋ ಬಂತು. "ಗಾಳಿ ಬೇಕು. ಬಿಡು ನನ್ನ."

"ಹೋಗು. ಬಾಗಿಲು ತೆಗೆದೇ ಇದೆ. ಆದ್ರೆ ಹೋಗೋ ಮುಂಚೆ ಒಂದು ಗಳಿಗೆ ಕೂತ್ಕೊ." ಮೂವತ್ತು ವರ್ಷ ಹಿಮದ ರಸ್ತೆಯಲ್ಲಿ ಮಕ್ಕಳಿಗೆ ಹೇಳಿದ ಅದೇ ದನಿ ಇರಬೇಕು ಅದು. ಅದನ್ನು ನಾನು ಎಂದೂ ಕೇಳಿಸಿಕೊಂಡಿರಲಿಲ್ಲ, ನಾನೇ ಕೂಗುತ್ತಿದ್ದೆನಲ್ಲ.

ಉಣ್ಣೆಯ ಸ್ವೆಟರಿನಲ್ಲಿಯೇ ಅವನ ಪಕ್ಕದ ಹಲಗೆಯ ಮೇಲೆ ಕೂತೆ. ಬೆವರು ಕಣ್ಣಿಗೆ ಇಳಿಯಿತು. ಎದೆ ಇನ್ನೂ ಗುದ್ದುತ್ತಿತ್ತು.

"ನನಗೆ ಏನಾಗ್ತಾ ಇದೆ, ತಾರ್ಮೊ?"

"ಗೊತ್ತಿಲ್ಲ," ಅಂದ ಅವನು. "ನನಗೂ ಏನಂತ ಗೊತ್ತಿಲ್ಲ. ಹತ್ತು ನಿಮಿಷ ಇರುತ್ತೆ. ನಾನಿಲ್ಲೇ ಇದ್ದೀನಿ."